ಹಳೆಯ ಕಟ್ಟಡಕ್ಕೆ ಲ್ಯಾಂಡ್‌ಮಾರ್ಕ್ ಮಾನ್ಯತೆ: ಅಮೆರಿಕದ ನಗರ ಕಮಿಷನ್ ಮುಂದೆ ಅರ್ಜಿ ಬಿದ್ದುಹೋಗದಂತೆ ನೋಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಅಮೆರಿಕದ ಒಂದು ಸಣ್ಣ ನಗರದ ಹಿಸ್ಟಾರಿಕ್ ಪ್ರಿಸರ್ವೇಶನ್ ಕಮಿಷನ್‌ನಲ್ಲಿ, ಅಂದರೆ ಹಳೆಯ ಕಟ್ಟಡಗಳನ್ನು ಉಳಿಸಲು ನಗರ ನೇಮಿಸಿದ ಸಮಿತಿಯಲ್ಲಿ, ನಾನೊಬ್ಬ ಸಂಬಳವಿಲ್ಲದ ಸದಸ್ಯ. ತಿಂಗಳಿಗೊಂದು ಸಂಜೆ ಸಭೆ. ಲ್ಯಾಂಡ್‌ಮಾರ್ಕ್ ಅರ್ಜಿಗಳು, ಅಂದರೆ ಒಂದು ಕಟ್ಟಡವನ್ನು ಉಳಿಸಬೇಕಾದ ಐತಿಹಾಸಿಕ ಕಟ್ಟಡವೆಂದು ಘೋಷಿಸಿ ಎಂದು ಕೇಳುವ ಅರ್ಜಿಗಳು, ವರ್ಷಕ್ಕೆ ಬರುವುದು ಬೆರಳೆಣಿಕೆಯಷ್ಟು. ಅವುಗಳಲ್ಲಿ ವಾಪಸ್ ಹೋಗುವವು ಪ್ರತಿ ಸಲವೂ ಅದೇ ನಾಲ್ಕೈದು ಕಾರಣಗಳಿಗೆ ಹೋಗುತ್ತವೆ. ಹುಳುಕು ಇರುವುದು ಕಟ್ಟಡದಲ್ಲಲ್ಲ, ಅರ್ಜಿಯಲ್ಲಿ.

ಇಲ್ಲಿರುವ ಕನ್ನಡದ ಗೆಳೆಯರೂ ಆಗಾಗ ಫೋನ್ ಮಾಡುತ್ತಾರೆ. "ನಮ್ಮ ಬೀದಿಯ ಹಳೇ ಥಿಯೇಟರ್ ಒಡೀತಾರಂತೆ, ಏನಾದ್ರೂ ಮಾಡ್ಬಹುದಾ?" ಮಾಡಬಹುದು. ಆದರೆ ಬಹಳಷ್ಟು ಜನ ಮೊದಲು ಭಾವುಕರಾಗಿ ನಾಲ್ಕು ಪುಟ ಬರೆಯುತ್ತಾರೆ, ಆಮೇಲೆ ದಾಖಲೆ ಹುಡುಕುತ್ತಾರೆ, ನಗರದ ಕಾಯಿದೆ ಏನು ಹೇಳುತ್ತದೆಂದು ಕೊನೆಗೆ ನೋಡುತ್ತಾರೆ. ಈ ಕ್ರಮವನ್ನು ಪೂರ್ತಿ ತಿರುಗಿಸಿದರೆ ಅರ್ಧ ಕೆಲಸ ಆದಂತೆ.

## ಶುರು ಮಾಡುವ ಮುನ್ನ ಕೈಯಲ್ಲಿರಬೇಕಾದವು

ಕಟ್ಟಡದ ವಿಳಾಸ ಮಾತ್ರ ಸಾಲದು, ಪಾರ್ಸೆಲ್ ನಂಬರ್ (ಆಸ್ತಿ ದಾಖಲೆಯಲ್ಲಿ ಆ ತುಂಡು ಜಾಗಕ್ಕೆ ಕೊಟ್ಟ ಸಂಖ್ಯೆ) ಬೇಕು. ಬೀದಿಗಳ ಹೆಸರು, ಮನೆ ನಂಬರ್ ನೂರು ವರ್ಷದಲ್ಲಿ ಎರಡು ಸಲವಾದರೂ ಬದಲಾಗಿರುತ್ತವೆ, ಜಾಗ ಬದಲಾಗುವುದಿಲ್ಲ. ಊರಿನ ಸಾರ್ವಜನಿಕ ಗ್ರಂಥಾಲಯದ ಕಾರ್ಡ್ ಮಾಡಿಸಿಕೊಳ್ಳಿ. ದುಡ್ಡು ಕೊಟ್ಟು ನೋಡಬೇಕಾದ ಹಳೆಯ ಪತ್ರಿಕೆಗಳ ಡೇಟಾಬೇಸ್ ಆ ಕಾರ್ಡಿನಿಂದ ಎಷ್ಟೋ ಕಡೆ ಪುಕ್ಕಟೆ ತೆರೆದುಕೊಳ್ಳುತ್ತದೆ. ಫೋನಿನ ಕ್ಯಾಮೆರಾ, ಅಳತೆ ಟೇಪು, ಒಂದು ನೋಟ್‌ಬುಕ್. ದಾಖಲೆಗಳನ್ನು ವಿಷಯವಾರು ಜೋಡಿಸಬೇಡಿ, ಇಸವಿವಾರು ಜೋಡಿಸಿ. ಇದರ ಉಪಯೋಗ ಐದನೇ ಹಂತದಲ್ಲಿ ಗೊತ್ತಾಗುತ್ತದೆ.

ಕೆಲಸಕ್ಕೆ ಹೋಗುವವರು ಸಂಜೆ, ಶನಿವಾರಗಳಲ್ಲಿ ಮಾಡುವುದಾದರೆ ಎರಡು ತಿಂಗಳು ಬೇಕು. ಎರಡು ವಾರದಲ್ಲಿ ಮುಗಿಸಿದ ಅರ್ಜಿಗಳನ್ನು ನಾನು ಓದಿದ್ದೇನೆ, ಓದುವಾಗಲೇ ಗೊತ್ತಾಗುತ್ತದೆ.

## ಹಂತ 1: ಯಾವ ಪಟ್ಟಿ ಬೇಕೆಂದು ತೀರ್ಮಾನಿಸಿ

ಅತಿ ಹೆಚ್ಚು ಜನ ಎಡವುವುದು ಇಲ್ಲೇ. 1966ರ ನ್ಯಾಷನಲ್ ಹಿಸ್ಟಾರಿಕ್ ಪ್ರಿಸರ್ವೇಶನ್ ಕಾಯಿದೆಯಿಂದ ಬಂದದ್ದು ನ್ಯಾಷನಲ್ ರಿಜಿಸ್ಟರ್, ಅಂದರೆ ಇಡೀ ದೇಶದ ಐತಿಹಾಸಿಕ ಸ್ಥಳಗಳ ಅಧಿಕೃತ ಪಟ್ಟಿ. ಹೆಸರು ಕೇಳಿದರೆ ಅದೇ ದೊಡ್ಡದು ಅನ್ನಿಸುತ್ತದೆ. ಆದರೆ ನ್ಯಾಷನಲ್ ರಿಜಿಸ್ಟರ್‌ನಲ್ಲಿರುವ ಕಟ್ಟಡವನ್ನು ಖಾಸಗಿ ಮಾಲೀಕ ತನ್ನ ಸ್ವಂತ ದುಡ್ಡಿನಲ್ಲಿ ನಾಳೆ ಬೆಳಿಗ್ಗೆಯೇ ಕೆಡವಿದರೂ ಫೆಡರಲ್ ಸರ್ಕಾರ ತಡೆಯುವುದಿಲ್ಲ. ಫೆಡರಲ್ ಹಣವೋ ಪರವಾನಗಿಯೋ ಸೇರಿದ ಯೋಜನೆಯಾದರೆ ಮಾತ್ರ ಪರಿಶೀಲನೆ ಕಡ್ಡಾಯ. ಅದೂ ಪರಿಶೀಲನೆಯಷ್ಟೇ, ತಡೆ ಅಲ್ಲ.

ಕೆಡವುವ ಕೈಯನ್ನು ಹಿಡಿಯುವ ಶಕ್ತಿ ಇರುವುದು ನಗರದ ಸ್ವಂತ ಕಾಯಿದೆಗೆ. ಆ ಕಾಯಿದೆಯನ್ನು ನಡೆಸುವುದು ಕಮಿಷನ್. ಹಾಗಾಗಿ ಗುರಿ ರಕ್ಷಣೆಯಾದರೆ ಸ್ಥಳೀಯ ಲ್ಯಾಂಡ್‌ಮಾರ್ಕ್ ಮಾನ್ಯತೆ ಕೇಳಿ. ಫೆಡರಲ್ ತೆರಿಗೆ ರಿಯಾಯಿತಿ ಗುರಿಯಾದರೆ ಸಾಮಾನ್ಯವಾಗಿ ನ್ಯಾಷನಲ್ ರಿಜಿಸ್ಟರ್ ಬೇಕಾಗುತ್ತದೆ. ಎರಡೂ ಬೇಕಾದರೆ ಎರಡು ಅರ್ಜಿ. ಒಂದಕ್ಕೆ ಬರೆದದ್ದನ್ನು ಇನ್ನೊಂದಕ್ಕೆ ಹಾಗೇ ಅಂಟಿಸಬೇಡಿ. ಮಾನದಂಡಗಳು ಹೋಲುತ್ತವೆ, ಒಂದೇ ಅಲ್ಲ.

## ಹಂತ 2: ನಗರದ ಕಾಯಿದೆ ಓದಿ, ಆಮೇಲೆ ಸಿಬ್ಬಂದಿಗೆ ಫೋನ್ ಮಾಡಿ

ಕಮಿಷನ್‌ನಲ್ಲಿ ಎರಡು ಬಗೆಯ ಜನ ಇರುತ್ತಾರೆ. ಒಂದು, ನಮ್ಮಂಥ ನೇಮಕಗೊಂಡ ಸದಸ್ಯರು. ಇನ್ನೊಂದು, ಯೋಜನಾ ಇಲಾಖೆಯ ಸಂಬಳದ ಸಿಬ್ಬಂದಿ. ನೀವು ಮಾತಾಡಬೇಕಾದ್ದು ಸಿಬ್ಬಂದಿಯ ಜೊತೆ. ಸದಸ್ಯರಿಗೆ ಖಾಸಗಿಯಾಗಿ ಫೋನ್ ಮಾಡಿ "ಸ್ವಲ್ಪ ನೋಡ್ಕೊಳ್ಳಿ ಸಾರ್" ಅನ್ನುವುದು ನಿಮ್ಮ ಕಾಲಿಗೇ ಕಲ್ಲು ಹಾಕಿಕೊಂಡಂತೆ. ನಾವು ಕೂರುವುದು ಹೆಚ್ಚುಕಡಿಮೆ ನ್ಯಾಯಾಧೀಶರ ಜಾಗದಲ್ಲಿ. ಹಾಗೆ ಹೊರಗೆ ಆಡಿದ ಮಾತನ್ನು ಸಭೆಯಲ್ಲಿ ಬಹಿರಂಗಪಡಿಸಬೇಕಾಗುತ್ತದೆ, ಕೆಲವೊಮ್ಮೆ ಆ ವಿಷಯದಿಂದಲೇ ಎದ್ದುಹೋಗಬೇಕಾಗುತ್ತದೆ. ಪರವಾಗಿ ಬೀಳಬಹುದಾಗಿದ್ದ ಒಂದು ಮತ ಅಲ್ಲಿಗೆ ಹೋಯಿತು.

ಕಾಯಿದೆ ಓದುವಾಗ ಈ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಿ:

1. ಕಟ್ಟಡಕ್ಕೆ ಎಷ್ಟು ವಯಸ್ಸಾಗಿರಬೇಕು? ನ್ಯಾಷನಲ್ ರಿಜಿಸ್ಟರ್‌ನಲ್ಲಿ ಸಾಮಾನ್ಯವಾಗಿ 50 ವರ್ಷ, ನ್ಯೂಯಾರ್ಕ್ ನಗರದಲ್ಲಿ 30, ಸಿಯಾಟಲ್‌ನಲ್ಲಿ 25. ನಿಮ್ಮ ನಗರದ್ದು ಬೇರೆಯೇ ಇರಬಹುದು.
2. ಯಾರು ಅರ್ಜಿ ಹಾಕಬಹುದು? ಯಾವ ನಾಗರಿಕರಾದರೂ ಸರಿಯೇ, ಮಾಲೀಕರು ಮಾತ್ರವೇ, ಇಲ್ಲಾ ಇಂತಿಷ್ಟು ನಿವಾಸಿಗಳ ಸಹಿ ಬೇಕೇ?
3. ಮಾಲೀಕರ ಒಪ್ಪಿಗೆ ಕಡ್ಡಾಯವೇ? ಇದೊಂದೇ ಸಾಲು ನಿಮ್ಮ ಇಡೀ ಯೋಜನೆಯನ್ನು ಬದಲಾಯಿಸುತ್ತದೆ.
4. ಅರ್ಜಿ ಸ್ವೀಕಾರವಾದ ದಿನದಿಂದ ತೀರ್ಮಾನದವರೆಗೆ ಕಟ್ಟಡ ಮುಟ್ಟದಂತೆ ತಾತ್ಕಾಲಿಕ ರಕ್ಷಣೆ ಇದೆಯೇ?
5. ಕೊನೆಯ ಮಾತು ಯಾರದು? ನ್ಯೂಯಾರ್ಕ್‌ನಲ್ಲಿ ಕಮಿಷನ್ ತಾನೇ ಮಾನ್ಯತೆ ಕೊಡುತ್ತದೆ, ಸಿಟಿ ಕೌನ್ಸಿಲ್ ಅದನ್ನು 120 ದಿನದೊಳಗೆ ಬದಲಿಸಬಹುದು, ತಳ್ಳಿಹಾಕಬಹುದು. ಬೇರೆ ಎಷ್ಟೋ ನಗರಗಳಲ್ಲಿ ಕಮಿಷನ್‌ದು ಶಿಫಾರಸು ಮಾತ್ರ, ಮತ ಹಾಕುವುದು ಕೌನ್ಸಿಲ್.

ಓದಿದ ಮೇಲೆ ಫೋನ್ ಮಾಡಿ. ಕೇಳಬೇಕಾದ ಮೊದಲ ಮಾತು: "ಈ ವಿಳಾಸ ಹಿಂದಿನ ಸರ್ವೇಯಲ್ಲಿ ಇದೆಯೇ?" ಹಲವು ನಗರಗಳು ದಶಕಗಳ ಹಿಂದೆಯೇ ಬೀದಿ ಬೀದಿ ತಿರುಗಿ ಪಟ್ಟಿ ಮಾಡಿಟ್ಟಿರುತ್ತವೆ. ನಿಮ್ಮ ಕಟ್ಟಡದ ಮೇಲೆ ಆಗಲೇ ಒಂದು ಪುಟದ ಟಿಪ್ಪಣಿ, ಅಂಚೆಚೀಟಿಯಷ್ಟು ಫೋಟೋ ಇರಬಹುದು. ಹಿಂದೊಮ್ಮೆ ಅರ್ಜಿ ತಿರಸ್ಕಾರವಾಗಿದ್ದರೂ ಅಲ್ಲೇ ಗೊತ್ತಾಗುತ್ತದೆ. ಹಾಗಿದ್ದರೆ ಯಾಕೆ ತಿರಸ್ಕರಿಸಿದರು ಅನ್ನುವ ನಡಾವಳಿ ಕೇಳಿ ಪಡೆಯಿರಿ. ಅದು ಸಾರ್ವಜನಿಕ ದಾಖಲೆ.

## ಹಂತ 3: ಎಷ್ಟು ಸಮಯ ಉಳಿದಿದೆ ಎಂದು ನೋಡಿ

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಕೆಡವುವ ಪರ್ಮಿಟ್ ಕೈಗೆ ಬಂದ ಮೇಲೆ ಹಾಕುವ ಲ್ಯಾಂಡ್‌ಮಾರ್ಕ್ ಅರ್ಜಿ ಹೆಚ್ಚಿನ ನಗರಗಳಲ್ಲಿ ಅದೇ ಕಥೆ. ಹಾಗಾಗಿ ಬೀದಿಯಲ್ಲಿ ಹೋಗುವಾಗ ಈ ಸೂಚನೆಗಳ ಮೇಲೆ ಕಣ್ಣಿಡಿ:

- ಆಸ್ತಿ ವ್ಯಕ್ತಿಯ ಹೆಸರಿನಿಂದ ಹೊಸದಾಗಿ ಹುಟ್ಟಿದ ಎಲ್‌ಎಲ್‌ಸಿಯ (ಸೀಮಿತ ಹೊಣೆಯ ಖಾಸಗಿ ಕಂಪನಿ) ಹೆಸರಿಗೆ ಹೋಗುವುದು, ಅದರಲ್ಲೂ ಅಕ್ಕಪಕ್ಕದ ಎರಡು ಮೂರು ಪಾರ್ಸೆಲ್ ಒಟ್ಟಿಗೆ.
- ಹಿತ್ತಲಲ್ಲಿ ಮಣ್ಣು ಕೊರೆದು ಪರೀಕ್ಷಿಸುವ ಯಂತ್ರ ಬರುವುದು. ಇರುವ ಮನೆ ರಿಪೇರಿ ಮಾಡುವವರಿಗೆ ಸಾಮಾನ್ಯವಾಗಿ ಅದು ಬೇಕಾಗುವುದಿಲ್ಲ.
- ಆಸ್ಬೆಸ್ಟಾಸ್ ತಪಾಸಣೆಯ ನೋಟಿಸು.
- ಗ್ಯಾಸ್, ಕರೆಂಟ್ ಮೀಟರ್ ಕಿತ್ತು ಸಂಪರ್ಕ ಮುಚ್ಚುವುದು. ಇದು ಕೊನೆಯ ಸೂಚನೆ. ಇನ್ನು ವಾರಗಳ ಲೆಕ್ಕ, ಕೆಲವೊಮ್ಮೆ ದಿನಗಳದ್ದು.

ಮುರಿದ ಕಿಟಕಿಗೆ ಹಲಗೆ ಹೊಡೆದಿದ್ದಾರೆ ಎಂದಮಾತ್ರಕ್ಕೆ ಗಾಬರಿಯಾಗಬೇಡಿ. ಅದು ರಕ್ಷಣೆಯೂ ಹೌದು. ಮಾಡು ಸೋರುತ್ತಿದ್ದು ಯಾರೂ ಟಾರ್ಪಾಲು ಹಾಕದೆ ಎರಡು ಚಳಿಗಾಲ ಕಳೆದರೆ ಗಾಬರಿಯಾಗಿ. "ಅದು ತಾನೇ ಬೀಳುತ್ತಿದೆ, ನಾವೇನು ಮಾಡಲಿ" ಅನ್ನುವ ವಾದವನ್ನು ಬೆಳೆಸುವುದು ಹಾಗೆ. ನಗರದ ಕಾಯಿದೆಯಲ್ಲಿ ನಿರ್ಲಕ್ಷ್ಯದ ಮೂಲಕ ಕೆಡವುವುದರ ವಿರುದ್ಧ ಕಲಂ ಇದೆಯೇ ನೋಡಿ, ಇದ್ದರೆ ಕಟ್ಟಡ ತಪಾಸಣಾ ಇಲಾಖೆಗೆ ಲಿಖಿತ ದೂರು ಕೊಡಿ.

ಕೆಲವು ನಗರಗಳಲ್ಲಿ ಕೆಡವುವುದನ್ನು ಸ್ವಲ್ಪ ಕಾಲ ತಡೆಹಿಡಿಯುವ ನಿಯಮ ಇದೆ. ಶಿಕಾಗೋದಲ್ಲಿ ಸರ್ವೇಯಲ್ಲಿ ಕೆಂಪು, ಕಿತ್ತಳೆ ಬಣ್ಣದ ಗುರುತು ಪಡೆದ ಕಟ್ಟಡಗಳಿಗೆ 90 ದಿನ. ಆ 90 ದಿನದಲ್ಲಿ ದಾಖಲೆ ಹುಡುಕಲು ಶುರು ಮಾಡುವವರು ಸೋಲುತ್ತಾರೆ. ಆಗಲೇ ಹುಡುಕಿಟ್ಟುಕೊಂಡವರಿಗೆ ಮಾತ್ರ ಅದು ಉಪಯೋಗ.

## ಹಂತ 4: ಮಾಲೀಕರನ್ನು ಮೊದಲೇ ಕಾಣಿ

ಕಾನೂನು ಒಪ್ಪಿಗೆ ಕೇಳದಿದ್ದರೂ ಹೋಗಿ. ನೋಟಿಸು ಅಂಚೆಯಲ್ಲಿ ಬಂದಾಗಲೇ ಮೊದಲ ಸಲ ವಿಷಯ ತಿಳಿದ ಮಾಲೀಕ ವಕೀಲನನ್ನು ಹಿಡಿದುಕೊಂಡೇ ಹಿಯರಿಂಗ್‌ಗೆ (ಕಮಿಷನ್ ಮುಂದಿನ ಬಹಿರಂಗ ವಿಚಾರಣೆಗೆ) ಬರುತ್ತಾನೆ. 1978ರಲ್ಲಿ ಗ್ರ್ಯಾಂಡ್ ಸೆಂಟ್ರಲ್ ಟರ್ಮಿನಲ್ ಎಂಬ ರೈಲು ನಿಲ್ದಾಣದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ನ್ಯೂಯಾರ್ಕ್‌ನ ಲ್ಯಾಂಡ್‌ಮಾರ್ಕ್ ಕಾಯಿದೆಯನ್ನು ಎತ್ತಿಹಿಡಿದಿದ್ದು ನಿಜ. ಆದರೆ ಮಾಲೀಕರ ಅಡುಗೆಮನೆಯಲ್ಲಿ ಕೂತು ಆ ತೀರ್ಪು ಹೇಳಬೇಡಿ. ಅಲ್ಲಿ ಹೇಳಬೇಕಾದ್ದು ಬೇರೆ.

ಅವರ ಭಯಗಳು ಹೆಚ್ಚುಕಡಿಮೆ ಒಂದೇ ಥರ. ಮನೆ ಮ್ಯೂಸಿಯಂ ಆಗುತ್ತದಾ, ಅಡುಗೆಮನೆ ಬದಲಾಯಿಸಬಾರದಾ, ಮಾರಲು ಆಗುವುದಿಲ್ಲವಾ? ಸಾಮಾನ್ಯವಾಗಿ ಕಮಿಷನ್ ನೋಡುವುದು ಹೊರಮೈಯನ್ನು. ಒಳಗಿನ ಅಡುಗೆಮನೆ, ಬಚ್ಚಲು ಅವರಿಷ್ಟ. ಮಾರಬಹುದು, ಬಾಡಿಗೆಗೆ ಕೊಡಬಹುದು. ಕಾಯಿದೆಯ ಆ ಸಾಲನ್ನೇ ಮುದ್ರಿಸಿಕೊಂಡು ಹೋಗಿ ತೋರಿಸಿ. ಬಾಯಿಮಾತು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ದುಡ್ಡಿನ ವಿಷಯದಲ್ಲಿ ಇಲ್ಲದ್ದನ್ನು ಹೇಳಿ ಆಸೆ ಹುಟ್ಟಿಸಬೇಡಿ. ದುರಸ್ತಿ ಖರ್ಚಿನ ಶೇ 20ರಷ್ಟನ್ನು ತೆರಿಗೆಯಲ್ಲಿ ಕಳೆಯುವ ಫೆಡರಲ್ ತೆರಿಗೆ ಕ್ರೆಡಿಟ್ ಆದಾಯ ತರುವ ಕಟ್ಟಡಗಳಿಗೆ ಮಾತ್ರ. ತಾವೇ ವಾಸವಿರುವ ಮನೆಗೆ ಸಿಗುವುದಿಲ್ಲ. ಬರೀ ಸ್ಥಳೀಯ ಲ್ಯಾಂಡ್‌ಮಾರ್ಕ್ ಆಗಿದ್ದರೂ ಸಾಲದು, ನ್ಯಾಷನಲ್ ರಿಜಿಸ್ಟರ್ ಕಡೆಯಿಂದಲೋ, ಮಾನ್ಯತೆ ಪಡೆದ ಐತಿಹಾಸಿಕ ಪ್ರದೇಶದ ಭಾಗವಾಗಿಯೋ ಅರ್ಹತೆ ಬರಬೇಕು. ಕ್ಯಾಲಿಫೋರ್ನಿಯಾದಲ್ಲಿದ್ದರೆ ಮಿಲ್ಸ್ ಆಕ್ಟ್ ಒಪ್ಪಂದ ಇದೆ: ಕಟ್ಟಡವನ್ನು ಚೆನ್ನಾಗಿಟ್ಟುಕೊಳ್ಳುವ ಮಾತು ಕೊಟ್ಟರೆ ಆಸ್ತಿ ತೆರಿಗೆ ಇಳಿಯುತ್ತದೆ, ಕನಿಷ್ಠ 10 ವರ್ಷದ ಕರಾರು. ಆದರೆ ನಿಮ್ಮ ನಗರ ಅದನ್ನು ಜಾರಿಗೆ ತಂದಿರಬೇಕು. ವಾಸದ ಮನೆಯ ಮಾಲೀಕರ ಮನಸ್ಸು ತಿರುಗಿಸುವುದು ಹೆಚ್ಚಾಗಿ ಇದೇ.

## ಹಂತ 5: ದಾಖಲೆಗಳಲ್ಲಿ ಹಿಂದಕ್ಕೆ ನಡೆಯಿರಿ

ನನ್ನದೇ ಎಡವಟ್ಟು ಹೇಳುತ್ತೇನೆ. ಕಮಿಷನ್ ಸೇರುವ ಮೊದಲು ನಾನೇ ಒಂದು ಅರ್ಜಿ ಹಾಕಿದ್ದೆ, ಮೂಲೆಯಂಗಡಿಯ ಎರಡಂತಸ್ತಿನ ಇಟ್ಟಿಗೆ ಕಟ್ಟಡ. ಆಸ್ತಿ ತೆರಿಗೆ ದಾಖಲೆಯಲ್ಲಿ ಕಟ್ಟಿದ ವರ್ಷ 1900 ಎಂದಿತ್ತು. ಅದನ್ನೇ ನಂಬಿ ಹೊಸ ಶತಮಾನ ಹುಟ್ಟಿದ ವರ್ಷ ಅಂತೆಲ್ಲ ಅಲಂಕರಿಸಿ ಬರೆದೆ. ಹಿಯರಿಂಗ್ ದಿನ ಒಬ್ಬ ಅಜ್ಜಿ ಎದ್ದು ನಿಂತು 1908ರ ಸ್ಯಾನ್‌ಬೋರ್ನ್ ನಕ್ಷೆಯ ಜೆರಾಕ್ಸ್ ಎತ್ತಿ ಹಿಡಿದರು. ನನ್ನ ಮೂಲೆ ಖಾಲಿ ಸೈಟು. ಆಮೇಲೆ ನನ್ನ ಅರ್ಜಿಯ ಒಂದು ಮಾತನ್ನೂ ಯಾರೂ ನಂಬಲಿಲ್ಲ, ಸರಿಯಿದ್ದ ಮಾತನ್ನೂ ಸೇರಿ. ತೆರಿಗೆ ದಾಖಲೆಯಲ್ಲಿ 1900, 1910, 1920 ಎಂಬ ಗುಂಡಾದ ಇಸವಿ ಕಂಡರೆ ಅದು ಯಾರೋ ಅಂದಾಜಿಗೆ ತುಂಬಿದ್ದು ಎಂದೇ ಹಿಡಿಯಿರಿ.

ಹುಡುಕುವ ಕ್ರಮ ಹೀಗಿರಲಿ.

ಕ್ರಯಪತ್ರಗಳು ಮೊದಲು, ಇಂದಿನಿಂದ ಹಿಂದಕ್ಕೆ. ಕೌಂಟಿಯ (ಇಲ್ಲಿನ ಜಿಲ್ಲೆ) ರೆಕಾರ್ಡರ್ ಕಚೇರಿಯಲ್ಲಿ, ಅಂದರೆ ಆಸ್ತಿ ನೋಂದಣಿ ಕಚೇರಿಯಲ್ಲಿ, ಎರಡು ಸೂಚಿ ಇರುತ್ತವೆ, ಕೊಟ್ಟವರದು ಒಂದು, ಕೊಂಡವರದು ಇನ್ನೊಂದು. ಈಗಿನ ಮಾಲೀಕರನ್ನು ಕೊಂಡವರ ಸೂಚಿಯಲ್ಲಿ ಹುಡುಕಿ, ಅವರಿಗೆ ಮಾರಿದವರ ಹೆಸರು ಹಿಡಿಯಿರಿ, ಆ ಹೆಸರನ್ನು ಮತ್ತೆ ಕೊಂಡವರ ಸೂಚಿಯಲ್ಲಿ ಹುಡುಕಿ. ಹೀಗೆ ಸರಪಳಿ ಹಿಂದಕ್ಕೆ ಹೋಗುತ್ತದೆ. ಸರಪಳಿ ತುಂಡಾದರೆ ಸಾವು ಅಥವಾ ಮದುವೆ ಕಾರಣವಿರಬಹುದು. ಪಿತ್ರಾರ್ಜಿತ ಆಸ್ತಿಯ ಕಡತ ಇರುವ ಪ್ರೊಬೇಟ್ ಕೋರ್ಟ್‌ಗೆ ಹೋಗಿ. ನೆನಪಿಡಿ, ಕ್ರಯಪತ್ರ ಹೇಳುವುದು ನೆಲದ ಕಥೆ, ಕಟ್ಟಡದ್ದಲ್ಲ. ಬೆಲೆ ಇದ್ದಕ್ಕಿದ್ದಂತೆ ಐದಾರು ಪಟ್ಟು ಜಿಗಿದ ಕಡೆ ಕಟ್ಟಡ ಎದ್ದಿರಬಹುದು ಎಂದು ಗುರುತು ಹಾಕಿ ಮುಂದೆ ಹೋಗಿ.

ಆಮೇಲೆ ಸ್ಯಾನ್‌ಬೋರ್ನ್ ನಕ್ಷೆಗಳು. ಬೆಂಕಿ ವಿಮೆ ಕಂಪನಿಗಳಿಗಾಗಿ 1867ರಿಂದ ಬರೆದ ನಕ್ಷೆಗಳಿವು. ಲೈಬ್ರರಿ ಆಫ್ ಕಾಂಗ್ರೆಸ್ ದೊಡ್ಡ ಪ್ರಮಾಣದಲ್ಲಿ ಆನ್‌ಲೈನ್‌ಗೆ ಹಾಕಿದೆ, ದುಡ್ಡಿಲ್ಲ. ಗುಲಾಬಿ ಬಣ್ಣವಿದ್ದರೆ ಇಟ್ಟಿಗೆ, ಹಳದಿ ಮರ, ನೀಲಿ ಕಲ್ಲು. ಒಳಗೆ ಡಿ ಅಕ್ಷರವಿದ್ದರೆ ವಾಸದ ಮನೆ, ಎಸ್ ಇದ್ದರೆ ಅಂಗಡಿ, ಅಂಕೆ ಇದ್ದರೆ ಅಂತಸ್ತು. ಒಂದೇ ಜಾಗದ ಬೇರೆ ಬೇರೆ ವರ್ಷದ ಹಾಳೆಗಳನ್ನು ಪಕ್ಕಪಕ್ಕ ಇಡಿ. ಹಿಂದಿನ ಹಾಳೆಯಲ್ಲಿ ಖಾಲಿ, ಮುಂದಿನದರಲ್ಲಿ ಕಟ್ಟಡ ಎಂದರೆ ನಿಮ್ಮ ಇಸವಿ ಆ ಎರಡರ ನಡುವೆ ಸಿಕ್ಕಿಬಿತ್ತು. ಹಾಳೆಯ ದಿನಾಂಕ ನೋಡುವಾಗ ಎಚ್ಚರ: ಹಳೆಯ ಹಾಳೆಗಳ ಮೇಲೆ ಹೊಸ ಚೂರು ಕಾಗದ ಅಂಟಿಸಿ ತಿದ್ದುತ್ತಿದ್ದರು. ಮುಖಪುಟದಲ್ಲಿ ಒಂದು ವರ್ಷ, ಅಂಟಿಸಿದ ಚೂರಿನದ್ದು ಇನ್ನೊಂದು. ಸ್ಕ್ಯಾನ್ ದೊಡ್ಡದು ಮಾಡಿ ಅಂಚು ನೋಡಿದರೆ ತೇಪೆ ಕಾಣಿಸುತ್ತದೆ.

ಮೂರನೆಯದು ಊರಿನ ಡೈರೆಕ್ಟರಿಗಳು, ಜನಗಣತಿ. ಡೈರೆಕ್ಟರಿಯಲ್ಲಿ ಹೆಸರಿನ ಮುಂದೆ ಉದ್ಯೋಗ, ವಿಳಾಸ ಇರುತ್ತದೆ. ಕಟ್ಟಡಕ್ಕೆ ಜೀವ ಬರುವುದು ಇಲ್ಲಿ: ದರ್ಜಿ, ರೈಲ್ವೆ ಗಾರ್ಡ್, ವಿಧವೆ ನಡೆಸುತ್ತಿದ್ದ ಊಟದ ಮನೆ. ಜನಗಣತಿಯ ಮನೆಮನೆ ಹಾಳೆಗಳು 72 ವರ್ಷ ಕಳೆದ ಮೇಲಷ್ಟೇ ತೆರೆದುಕೊಳ್ಳುತ್ತವೆ. 1950ರದ್ದು 2022ರಲ್ಲಿ ಬಂತು. 1890ರದ್ದನ್ನು ಹುಡುಕಿ ದಣಿಯಬೇಡಿ. 1921ರ ಬೆಂಕಿಯಲ್ಲಿ ಹಾಳಾಗಿ, ಉಳಿದದ್ದು ಚೂರುಪಾರು ಮಾತ್ರ.

ಇಲ್ಲೊಂದು ಪಕ್ಕದ ಮಾತು, ನಮ್ಮವರಿಗೆ ಮುಖ್ಯವಾದದ್ದು. ಕ್ಯಾಲಿಫೋರ್ನಿಯಾದಂಥ ಕಡೆ ಭಾರತದಿಂದ ಹೋದವರ ಕಥೆ ಹುಡುಕುತ್ತಿದ್ದರೆ ಕ್ರಯಪತ್ರದಲ್ಲಿ ಅವರ ಹೆಸರು ಇಲ್ಲ ಎಂದು ಕೈಬಿಡಬೇಡಿ. ಅಲ್ಲಿನ 1913ರ ಏಲಿಯನ್ ಲ್ಯಾಂಡ್ ಕಾಯಿದೆ ಪೌರತ್ವಕ್ಕೆ ಅರ್ಹರಲ್ಲದವರಿಗೆ ಕೃಷಿಭೂಮಿ ಕೊಳ್ಳಲು ಬಿಡುತ್ತಿರಲಿಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಭಾರತೀಯರ ಮೊಕದ್ದಮೆಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಎಂದಮೇಲೆ ಆ ಕಾಯಿದೆಯ ಕತ್ತಿ ಅವರ ಮೇಲೂ ಬಿತ್ತು. ಉಳುವವನು ಒಬ್ಬ, ಕಾಗದದ ಮೇಲಿನ ಹೆಸರು ಇನ್ನೊಬ್ಬನದು. ಅಂಥವರು ಸಿಗುವುದು ಜನಗಣತಿಯಲ್ಲಿ. 1920, 1930, 1940ರ ಗಣತಿಗಳಲ್ಲಿ ಜನಾಂಗದ ಕಾಲಂನಲ್ಲಿ 'ಹಿಂದೂ' ಎಂದು ಬರೆಯುತ್ತಿದ್ದರು. ಸಿಖ್ಖರನ್ನೂ ಮುಸ್ಲಿಮರನ್ನೂ ಸೇರಿಸಿ ಎಲ್ಲರೂ ಹಿಂದೂ! ಆ ಕಾಲಂ ಹಿಡಿದು ಹಾಳೆ ತಿರುವಿದರೆ ಕ್ರಯಪತ್ರ ಮುಚ್ಚಿಟ್ಟದ್ದು ಕಾಣಿಸುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1905-06ರಲ್ಲಿ ಕಟ್ಟಿದ ವೇದಾಂತ ಸೊಸೈಟಿಯ ಹಳೆಯ ದೇವಸ್ಥಾನ, 1912ರ ಸ್ಟಾಕ್‌ಟನ್ ಗುರುದ್ವಾರದಂಥವು ಎಲ್ಲರಿಗೂ ಗೊತ್ತು. ಗೊತ್ತಿಲ್ಲದವು ಬಾಡಿಗೆ ಕೊಠಡಿಗಳು, ತೋಟದ ಶೆಡ್ಡುಗಳು.

ಕೊನೆಗೆ ಪರ್ಮಿಟ್‌ಗಳು ಮತ್ತು ಪತ್ರಿಕೆಗಳು. ಕಟ್ಟಡದ ಮೂಲ ಪರ್ಮಿಟ್ ಸಿಕ್ಕರೆ ವಾಸ್ತುಶಿಲ್ಪಿ, ಗುತ್ತಿಗೆದಾರ, ಖರ್ಚು ಎಲ್ಲ ಒಂದೇ ಕಾಗದದಲ್ಲಿ. ಪತ್ರಿಕೆಯಲ್ಲಿ ಹುಡುಕುವಾಗ ಮಾಲೀಕರ ಹೆಸರಿನಿಂದ ಮಾತ್ರವಲ್ಲ, ಬೀದಿ ಮೂಲೆಯ ಹೆಸರಿನಿಂದಲೂ ಹುಡುಕಿ. ಆಗಿನವರು ಮನೆ ನಂಬರ್ ಬರೆಯದೆ 'ಇಂಥ ಬೀದಿಯ ಈಶಾನ್ಯ ಮೂಲೆ' ಎಂದೇ ಬರೆಯುತ್ತಿದ್ದರು.

ಪ್ರತಿ ಸಂಗತಿಗೂ ಎರಡು ದಾಖಲೆ ಬೇಕು. ಒಂದೇ ಸಿಕ್ಕರೆ ಅರ್ಜಿಯಲ್ಲಿ "ಸುಮಾರು" ಎಂದೇ ಬರೆಯಿರಿ. "ಸುಮಾರು 1912" ಎಂದು ಬರೆದವರನ್ನು ಯಾರೂ ಹಿಡಿಯುವುದಿಲ್ಲ, "1912ರ ಮೇ ತಿಂಗಳಲ್ಲಿ" ಎಂದು ಬರೆದು ದಾಖಲೆ ತೋರಿಸದವರನ್ನು ಹಿಡಿಯುತ್ತಾರೆ.

ಹಳೆಯ ಕ್ರಯಪತ್ರ ತೆಗೆದರೆ ಇಂಥಿಂಥ ಜನಾಂಗದವರಿಗೆ ಈ ಮನೆ ಮಾರಬಾರದು ಅನ್ನುವ ಷರತ್ತು ಕಣ್ಣಿಗೆ ಬಿದ್ದೀತು. 1948ರಲ್ಲಿ ಸುಪ್ರೀಂ ಕೋರ್ಟ್ ಅವು ಕೋರ್ಟಿನಲ್ಲಿ ಜಾರಿಯಾಗುವುದಿಲ್ಲ ಎಂದಿತು. ಮುಜುಗರದಿಂದ ಅದನ್ನು ಅರ್ಜಿಯಿಂದ ಬಿಡಬೇಡಿ. ಆ ಬೀದಿಯಲ್ಲಿ ಯಾರಿದ್ದರು, ಯಾರಿರಲಿಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ.

## ಹಂತ 6: ಕಟ್ಟಡದ ಮೈ ಓದಿ

ಕಮಿಷನ್ ಎರಡು ಪ್ರಶ್ನೆ ಕೇಳುತ್ತದೆ. ಈ ಕಟ್ಟಡಕ್ಕೆ ಮಹತ್ವ ಇದೆಯೇ? ಆ ಮಹತ್ವವನ್ನು ತೋರಿಸುವಷ್ಟು ಹಳೆಯ ಮೈ ಇನ್ನೂ ಉಳಿದಿದೆಯೇ? ಎರಡನೆಯದನ್ನು ಇಂಟೆಗ್ರಿಟಿ ಅನ್ನುತ್ತಾರೆ. ನ್ಯಾಷನಲ್ ರಿಜಿಸ್ಟರ್ ಇದನ್ನು ಏಳು ಮುಖಗಳಲ್ಲಿ ಅಳೆಯುತ್ತದೆ: ಸ್ಥಳ, ವಿನ್ಯಾಸ, ಸುತ್ತಮುತ್ತಲ ನೋಟ, ಸಾಮಗ್ರಿ, ಕೆಲಸಗಾರಿಕೆ, ಭಾವ, ನಂಟು. ಬಹಳಷ್ಟು ನಗರಗಳೂ ಇದನ್ನೇ ಎರವಲು ಪಡೆದಿವೆ.

ಬೆಳಿಗ್ಗೆ ಅಥವಾ ಸಂಜೆ ಓರೆ ಬಿಸಿಲಿನಲ್ಲಿ ಹೋಗಿ. ನೆತ್ತಿಯ ಮೇಲೆ ಸೂರ್ಯ ಇದ್ದಾಗ ಗೋಡೆ ಏನೂ ಹೇಳುವುದಿಲ್ಲ. ಓರೆ ಬೆಳಕಿನಲ್ಲಿ ಮುಚ್ಚಿದ ಕಿಟಕಿಯ ಅಂಚು, ಮೇಲೆ ಬಳಿದ ಬಣ್ಣದ ಕೆಳಗೆ ಉಬ್ಬಿದ ಹಳೆಯ ಜಾಹೀರಾತಿನ ಅಕ್ಷರ, ಇಟ್ಟಿಗೆಯ ಸಾಲು ಬದಲಾದ ಗೆರೆ ಎಲ್ಲ ಎದ್ದು ಬರುತ್ತವೆ. ಜಗಲಿ ಆಮೇಲೆ ಸೇರಿಸಿದ್ದೋ ಮೊದಲಿನದೋ ಎಂಬುದಕ್ಕೆ ಅದು ಗೋಡೆಗೆ ಕೂಡುವ ಜಾಗದಲ್ಲಿ ಬಗ್ಗಿ ನೋಡಿ: ಹಲಗೆ ಗೋಡೆಯ ಬಣ್ಣದ ಪದರಗಳು ಜಗಲಿ ಮಾಡಿನ ಹಿಂದೆಯೂ ಮುಂದುವರಿದಿದ್ದರೆ ಜಗಲಿ ಆಮೇಲಿನದು.

ಫೋಟೋ ತೆಗೆಯುವಾಗ ನಾಲ್ಕೂ ದಿಕ್ಕು, ಬೀದಿಯ ನೋಟ, ಮುಖ್ಯ ವಿವರಗಳು. ಪ್ರತಿಯೊಂದಕ್ಕೂ "ವಾಯವ್ಯಕ್ಕೆ ಮುಖ ಮಾಡಿ" ಎಂಬಂತೆ ದಿಕ್ಕು, ದಿನಾಂಕ ಬರೆಯಿರಿ. ಬದಲಾದದ್ದನ್ನು ಮರೆಮಾಚುವ ಕೋನದಿಂದ ತೆಗೆದ ಫೋಟೋ ನಮಗೆ ತಕ್ಷಣ ಗೊತ್ತಾಗುತ್ತದೆ. ಹಿಂಬದಿಗೆ 1980ರಲ್ಲಿ ಸೇರಿಸಿದ ಸಿಮೆಂಟ್ ಕೋಣೆ ಇದೆಯೇ? ತೋರಿಸಿ, "ಇದು ಆಮೇಲಿನದು, ಬೀದಿಯಿಂದ ಕಾಣುವುದಿಲ್ಲ" ಎಂದು ಬರೆಯಿರಿ.

## ಹಂತ 7: ಮಹತ್ವದ ಹೇಳಿಕೆ ಬರೆಯಿರಿ

ಈ ಭಾಗವನ್ನು ನಾವು ಎರಡು ಸಲ ಓದುತ್ತೇವೆ, ಉಳಿದದ್ದನ್ನು ಒಂದು ಸಲ.

ಬರುವ ಅರ್ಜಿಗಳಲ್ಲಿ ಇಂಥ ಸಾಲು ತಪ್ಪದೆ ಇರುತ್ತದೆ: "ಈ ಸುಂದರವಾದ ಪುರಾತನ ಕಟ್ಟಡ ನಮ್ಮ ಊರಿನ ಹೆಮ್ಮೆಯಾಗಿದ್ದು ಮುಂದಿನ ಪೀಳಿಗೆಗೆ ಉಳಿಸಬೇಕಾದ್ದು ನಮ್ಮೆಲ್ಲರ ಕರ್ತವ್ಯ." ಇದನ್ನು ಊರಿನ ಯಾವ ಕಟ್ಟಡದ ಮೇಲೂ ಅಂಟಿಸಬಹುದು. ಹಾಗಾದರೆ ಅದು ಈ ಕಟ್ಟಡದ ಬಗ್ಗೆ ಏನೂ ಹೇಳಲಿಲ್ಲ.

ಬದಲಿಗೆ ಹೀಗೆ: "ಕಾಯಿದೆಯ ಮೊದಲನೇ ಮಾನದಂಡದ ಪ್ರಕಾರ ಈ ಕಟ್ಟಡ ಅರ್ಹ. ರೈಲ್ವೆ ಅಂಗಳದ ಕೆಲಸಗಾರರಿಗೆ ಕೊಠಡಿ ಬಾಡಿಗೆ ಕೊಡುತ್ತಿದ್ದ ಊಟದ ಮನೆಗಳು ಈ ಬೀದಿಯಲ್ಲಿ 1910ರ ನಕ್ಷೆಯಲ್ಲಿ ಏಳು ಇದ್ದವು, ಉಳಿದಿರುವುದು ಇದೊಂದೇ. ಮೇಲಂತಸ್ತಿನ ಒಂಬತ್ತು ಸಣ್ಣ ಕಿಟಕಿಗಳು ಒಂಬತ್ತು ಕೊಠಡಿಗಳ ಗುರುತು, ಇಂದಿಗೂ ಹಾಗೇ ಇವೆ." ಇದು ನಾನು ಮಾದರಿಗೆ ಕಟ್ಟಿದ್ದು, ಆದರೆ ಜೋಡಣೆ ನೋಡಿ: ಮಾನದಂಡ, ಹಿನ್ನೆಲೆ, ಹೋಲಿಕೆ, ಮೈಮೇಲಿನ ಸಾಕ್ಷಿ.

ಸಾಮಾನ್ಯವಾಗಿ ಮಾನದಂಡಗಳು ನಾಲ್ಕು ಬಗೆ: ಮುಖ್ಯ ಘಟನೆ ಅಥವಾ ಇತಿಹಾಸದ ಓಟದ ನಂಟು, ಮುಖ್ಯ ವ್ಯಕ್ತಿಯ ನಂಟು, ಕಟ್ಟುವಿಕೆಯ ವೈಶಿಷ್ಟ್ಯ, ನೆಲದಡಿಯಿಂದ ಸಿಗಬಹುದಾದ ಮಾಹಿತಿ. ನಾಲ್ಕನ್ನೂ ಟಿಕ್ ಮಾಡುವುದು ದೊಡ್ಡ ತಪ್ಪು. ಬಲವಾದ ಒಂದನ್ನು ಹಿಡಿಯಿರಿ. ಎರಡಕ್ಕಿಂತ ಹೆಚ್ಚು ಬೇಡ. ದುರ್ಬಲವಾದ ಮೂರನೆಯದನ್ನು ಎದುರು ಪಕ್ಷದ ವಕೀಲ ಹಿಡಿದು ಜಗ್ಗಿದರೆ ಬಲವಾದ ಒಂದೂ ಜೊತೆಗೆ ಬರುತ್ತದೆ. ವ್ಯಕ್ತಿಯ ಮಾನದಂಡದಲ್ಲಿ ಇನ್ನೊಂದು ಗುಂಡಿ ಇದೆ. ಆ ವ್ಯಕ್ತಿ ತನ್ನ ಮುಖ್ಯ ಕೆಲಸ ಮಾಡಿದ ಕಾಲದಲ್ಲಿ ಇಲ್ಲಿದ್ದರೆ ಸರಿ. ಒಂದು ರಾತ್ರಿ ತಂಗಿದ್ದರು, ಬಾಲ್ಯದಲ್ಲಿ ಆಡಿದ್ದರು ಎಂದರೆ ಸಾಲದು.

ಮಹತ್ವದ ಕಾಲಾವಧಿಯನ್ನು ಇಸವಿಯಲ್ಲಿ ಬರೆಯಿರಿ. ಗಡಿಯನ್ನೂ ಬರೆಯಿರಿ: ಬರೀ ಕಟ್ಟಡವೇ, ಹಿತ್ತಲಿನ ಕೊಟ್ಟಿಗೆಯೂ ಸೇರಿದೆಯೇ, ಮುಂದಿನ ಮರ? ಉಳಿಸಬೇಕಾದ ಗುಣಲಕ್ಷಣಗಳ ಪಟ್ಟಿ ಕೊಡಿ. ಹತ್ತು ವರ್ಷದ ನಂತರ ಯಾರೋ ಕಿಟಕಿ ಬದಲಿಸಲು ಅನುಮತಿ ಕೇಳಿದಾಗ ಆಗಿನ ಸದಸ್ಯರು ತೆಗೆದು ನೋಡುವುದು ಈ ಪಟ್ಟಿಯನ್ನೇ. ಕಿಟಕಿ ಪಟ್ಟಿಯಲ್ಲಿಲ್ಲದಿದ್ದರೆ ಕಿಟಕಿ ಹೋಯಿತು.

## ಹಂತ 8: ಸಲ್ಲಿಕೆ ಮತ್ತು ಹಿಯರಿಂಗ್

ಅರ್ಜಿ ಪೂರ್ಣವಾಗಿದೆ ಎಂಬ ಲಿಖಿತ ದೃಢೀಕರಣ ಪಡೆಯಿರಿ. ಕಾಯಿದೆಯ ಗಡುವುಗಳು ಆ ದಿನದಿಂದ ಎಣಿಸುವಂತಿದ್ದರೆ ಅದಿಲ್ಲದೆ ನಿಮಗೆ ಕಾಲಿಡಲು ನೆಲವಿಲ್ಲ. ಹಿಯರಿಂಗ್‌ಗೆ ಮುಂಚೆ ಸಿಬ್ಬಂದಿಯ ವರದಿ ಹೊರಬರುತ್ತದೆ. ಅದನ್ನು ಓದದೆ ಬರುವವರೇ ಹೆಚ್ಚು. ನಿಮ್ಮ ದೌರ್ಬಲ್ಯ ಏನೆಂದು ಅದರಲ್ಲೇ ಬರೆದಿರುತ್ತದೆ.

ಮಾತಾಡಲು ಸಾರ್ವಜನಿಕರಿಗೆ ಸಿಗುವುದು ಎರಡೋ ಮೂರೋ ನಿಮಿಷ. ಹತ್ತು ಜನ ಬಂದು ಒಂದೇ ಮಾತು ಹೇಳಿದರೆ ನಾವು ಗಡಿಯಾರ ನೋಡುತ್ತೇವೆ. ಹಂಚಿಕೊಳ್ಳಿ: ಒಬ್ಬರು ನಕ್ಷೆ, ಒಬ್ಬರು ಕಟ್ಟಡದ ಮೈ, ಅಲ್ಲಿ ಕೆಲಸ ಮಾಡಿದ್ದ ಹಿರಿಯರೊಬ್ಬರು ನೆನಪು. "ಹೊಸ ಅಪಾರ್ಟ್‌ಮೆಂಟ್ ಬಂದರೆ ಪಾರ್ಕಿಂಗ್ ಸಿಗುವುದಿಲ್ಲ" ಎಂದು ಯಾರೂ ಹೇಳದಂತೆ ಮೊದಲೇ ಕೈಮುಗಿದು ಕೇಳಿಕೊಳ್ಳಿ. ಪಾರ್ಕಿಂಗ್ ನಮ್ಮ ಮಾನದಂಡದಲ್ಲಿ ಇಲ್ಲ. ಮೇಲಾಗಿ ಇದು ಇತಿಹಾಸ ಉಳಿಸುವ ಅರ್ಜಿಯಲ್ಲ, ನೆರೆಯವರ ತಕರಾರು ಎಂದು ಎದುರು ಪಕ್ಷ ಹೇಳಲು ಅದೊಂದೇ ವಾಕ್ಯ ಸಾಕು.

ಮತ ಹಾಕುವಾಗ ಕಮಿಷನ್ ಕಾರಣಗಳನ್ನು ದಾಖಲಿಸಬೇಕು. ದಾಖಲಿಸದೆ ಬರೀ "ಒಪ್ಪಿದೆ" ಎಂದರೆ ಮೇಲ್ಮನವಿಯಲ್ಲಿ ಬೀಳುವ ಸಾಧ್ಯತೆ ಹೆಚ್ಚು. ಸಿಬ್ಬಂದಿಗೆ ವಿನಯದಿಂದ ನೆನಪಿಸಿ. ಕೌನ್ಸಿಲ್ ಮತ ಬಾಕಿ ಇದ್ದರೆ ಮನೆಗೆ ಹೋಗಿ ಮಲಗಬೇಡಿ. ಕೌನ್ಸಿಲ್‌ನವರು ಚುನಾಯಿತರು. ಅಲ್ಲಿ ಪತ್ರ, ಭೇಟಿ, ಸಹಿ ಸಂಗ್ರಹ ಎಲ್ಲಕ್ಕೂ ಬೆಲೆ ಇದೆ.

## ಹಂತ 9: ಮಾನ್ಯತೆ ಸಿಕ್ಕ ಮೇಲೆ

ಹೊರಮೈಗೆ ಕೈ ಹಾಕುವ ಮುನ್ನ ಸರ್ಟಿಫಿಕೇಟ್ ಆಫ್ ಅಪ್ರೋಪ್ರಿಯೇಟ್‌ನೆಸ್ (ಆ ಕೆಲಸ ಕಟ್ಟಡಕ್ಕೆ ಹೊಂದುತ್ತದೆ ಎಂಬ ಅನುಮತಿ ಪತ್ರ) ಬೇಕು. ಇದ್ದದ್ದನ್ನು ಇದ್ದಂತೆ ರಿಪೇರಿ ಮಾಡುವುದಕ್ಕೆ ಸಿಬ್ಬಂದಿಯೇ ಸಹಿ ಹಾಕುವ ವ್ಯವಸ್ಥೆ ಬಹಳ ಕಡೆ ಇದೆ. ಬದಲಾಯಿಸುವುದಾದರೆ ಸಭೆಗೆ ಬರಬೇಕು.

ಮಾನ್ಯತೆ ಸಿಕ್ಕ ಖುಷಿಯಲ್ಲೇ ಕಟ್ಟಡ ಹಾಳು ಮಾಡಿದವರಿದ್ದಾರೆ. ಮುಖ್ಯವಾಗಿ ಎರಡು ರೀತಿಯಲ್ಲಿ. ಒಂದು, ಮರಳಿನ ಜೆಟ್ ಹೊಡೆದು ಇಟ್ಟಿಗೆ ತೊಳೆಯುವುದು. ಸುಟ್ಟ ಇಟ್ಟಿಗೆಯ ಹೊರಪದರ ಬ್ರೆಡ್ಡಿನ ಹೊರಮೈಯಂತೆ ಗಟ್ಟಿ, ಅದು ಹೋದರೆ ಒಳಗಿನದು ಮೆತ್ತಗೆ, ನೀರು ಕುಡಿಯುತ್ತದೆ. ಇನ್ನೊಂದು, ಹಳೆಯ ಸುಣ್ಣದ ಗಾರೆ ಕೆರೆದು ಸಂದಿಗೆ ಗಟ್ಟಿ ಪೋರ್ಟ್‌ಲ್ಯಾಂಡ್ ಸಿಮೆಂಟ್ ತುಂಬುವುದು. ಗಾರೆ ಇಟ್ಟಿಗೆಗಿಂತ ಮೆತ್ತಗಿರಬೇಕು. ಆಗ ಗೋಡೆ ಹಿಗ್ಗಿ ಕುಗ್ಗುವ ಏಟನ್ನು, ನೀರು ಹೊರಹೋಗುವ ದಾರಿಯನ್ನು ಗಾರೆ ವಹಿಸಿಕೊಳ್ಳುತ್ತದೆ. ಸಿಮೆಂಟ್ ಗಟ್ಟಿಯಾದರೆ ನೀರು ಇಟ್ಟಿಗೆಯೊಳಗೇ ಸಿಕ್ಕಿಬಿದ್ದು, ಚಳಿಗೆ ಹೆಪ್ಪುಗಟ್ಟಿ, ಇಟ್ಟಿಗೆಯ ಮುಖವೇ ಚಕ್ಕೆಯಾಗಿ ಉದುರುತ್ತದೆ. ಗೋಡೆಯ ಬುಡದಲ್ಲಿ ಕೆಂಪು ಪುಡಿ, ಸಂದಿನ ಸಿಮೆಂಟ್ ಮಾತ್ರ ಬಲೆಯಂತೆ ಮುಂದೆ ಚಾಚಿ ನಿಂತಿದೆ ಎಂದರೆ ಯಾರೋ ಆಗಲೇ ಈ ಕೆಲಸ ಮಾಡಿದ್ದಾರೆ. ಮೇಸ್ತ್ರಿಯನ್ನು ಗೊತ್ತುಮಾಡುವಾಗ ಸುಣ್ಣದ ಗಾರೆಯಲ್ಲಿ ಮಾಡಿದ ಹಿಂದಿನ ಕೆಲಸ ತೋರಿಸಲು ಕೇಳಿ. ಹೋಗಿ ಕಣ್ಣಾರೆ ನೋಡಿ. 1978ಕ್ಕೆ ಮೊದಲಿನ ಮನೆಯಾದರೆ ಬಣ್ಣದಲ್ಲಿ ಸೀಸ ಇರಬಹುದು, ಪರೀಕ್ಷೆ ಮಾಡಿಸದೆ ಕೆರೆಯಬೇಡಿ.

ಗೆದ್ದರೂ ಸೋತರೂ ಸಂಗ್ರಹಿಸಿದ ಕಡತದ ಒಂದು ಪ್ರತಿಯನ್ನು ಊರಿನ ಗ್ರಂಥಾಲಯದ ಸ್ಥಳೀಯ ಇತಿಹಾಸ ವಿಭಾಗಕ್ಕೆ ಕೊಟ್ಟುಬಿಡಿ. ಹಿರಿಯರ ನೆನಪು ರೆಕಾರ್ಡ್ ಮಾಡಿದ್ದರೆ ಅವರ ಸಹಿಯಿರುವ ಒಪ್ಪಿಗೆ ಪತ್ರ ಜೊತೆಗಿರಲಿ, ಇಲ್ಲದಿದ್ದರೆ ಗ್ರಂಥಾಲಯ ಅದನ್ನು ಯಾರಿಗೂ ಕೇಳಿಸಲು ಹಿಂಜರಿಯುತ್ತದೆ. ಮುದ್ರಿಸಿದ ಫೋಟೋಗಳ ಹಿಂಬದಿಗೆ ವಿಳಾಸ, ದಿಕ್ಕು, ದಿನಾಂಕ ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್ ಬಳಸಿ. ಬಾಲ್‌ಪೆನ್ ಒತ್ತಿದರೆ ಮುಂಭಾಗದ ಚಿತ್ರದ ಮೇಲೆ ಗೆರೆ ಏಳುತ್ತದೆ.